ಅಣ್ಣ ಹತ್ತದ ಲಾರಿ

ನನ್ನ ಅಣ್ಣನನ್ನು ಲಾರಿಯವರೆಲ್ಲ ಡಾಕ್ಟರ್ ಎನ್ನುತ್ತಾರೆ. ಹಾಗೆ ಕರೆದು ಕರೆದೇ ಅವನ ತಲೆ ತಿರುಗಿದ್ದು. ಅವನ ರಿಪೇರಿ ಶೆಡ್ಡಿಗೆ ಗಾಡಿ ಬಂದರೆ ಬಾನೆಟ್ ಎತ್ತುವ ಮೊದಲೇ ಅದಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾನೆ. ಆಮೇಲೆ ತಪ್ಪನ್ನೆಲ್ಲ ಡ್ರೈವರ್ ತಲೆಗೆ ಕಟ್ಟುತ್ತಾನೆ. ಮೂವತ್ತು ವರ್ಷದಿಂದ ಇದೇ ಚಿಕಿತ್ಸೆ!

ನಮ್ಮ ಯಜಮಾನರು ಓಡಿಸುವುದು ಹಳೆಯ ಸಣ್ಣ ಲಾರಿ. ಗುಡ್ಡದ ಮೇಲಿನ ಕ್ವಾರಿಯಿಂದ ಜಲ್ಲಿ ತುಂಬಿಕೊಂಡು ಇಳಿಯಬೇಕು. ಇಳಿಜಾರು ಮುಗಿಯುವುದೇ ರೈಲ್ವೆ ಗೇಟಿನ ಮುಂದೆ. ಅಂಥ ಗಾಡಿಯ ಮುಂದಿನ ಬ್ರೇಕುಗಳನ್ನು ಡಾಕ್ಟರು ಬಿಚ್ಚಿ ಜೋಡಿಸಿದ ಮೇಲೆ, ಪೆಡಲ್ ನಾದಿದ ಹಿಟ್ಟಿನಂತೆ ಮೆತ್ತಗಾಗಿಬಿಟ್ಟಿತು.

"ಆಯಿಲ್ ಪೈಪಲ್ಲಿ ಏರ್ ಕೂತಿದೆ, ತೆಗೆದ್ರೆ ಸರಿಹೋಗುತ್ತೆ" ಎಂದ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ಅವನ ಬಾಯಿಗೆ ಹೆದರಿ ಕೆಲಸಕ್ಕೆ ಯಾರೂ ನಿಲ್ಲುವುದಿಲ್ಲವಲ್ಲ, ತುಳಿಯಲು ನಾನೇ ಕೂತೆ. "ಒತ್ತು... ಹಿಡಿ... ಬಿಡು!" ಮಧ್ಯಾಹ್ನದವರೆಗೆ ಇದೇ ಮಂತ್ರ. ಮೂರು ಡಬ್ಬಿ ಬ್ರೇಕ್ ಆಯಿಲ್ ಖಾಲಿಯಾಯಿತು, ನನ್ನ ಮಂಡಿ ಬಿದ್ದುಹೋಯಿತು.

"ಇನ್ನೂ ಒಳಗೆ ಇಳೀತಿದೆ ಅಣ್ಣ."

"ಹಳೇ ಗಾಡಿ ಅಂದ್ಮೇಲೆ ಅಷ್ಟು ಇರುತ್ತೆ ಕಣೇ. ಒಲೆ ಮುಂದೆ ನಿಲ್ಲೋಳಿಗೆ ಬ್ರೇಕಿನ ವಿಷಯ ಏನು ಗೊತ್ತು?" ಎಂದವನೇ ಯಜಮಾನರ ಕಡೆ ತಿರುಗಿ, "ನೀವು ಲೋಡಿಗೆ ಹೋಗಿ ಭಾವ, ಏನೂ ಆಗಲ್ಲ" ಎಂದ.

ನಮ್ಮವರೋ ಹಸುವಿನಂಥ ಮನುಷ್ಯ. "ನೀವು ಹೇಳಿದ್ಮೇಲೆ ಮುಗೀತು ಭಾವ" ಎಂದು ಲಾರಿ ಹತ್ತಲು ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಗಾಡಿಯ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಕೆಳಗಿಳಿದೆ.

"ಅಣ್ಣ, ನೀನೂ ಹತ್ತು. ಇವರ ಪಕ್ಕ ಕೂತ್ಕೊಂಡು ಗೇಟಿನ ತನಕ ಬಾ."

ಅವನು ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. "ನಂಗೆ ಇಲ್ಲಿ ಕೆಲಸ ಬಿದ್ದಿದೆ."

ಶೆಡ್ಡಿನಲ್ಲಿ ಬೇರೆ ಗಾಡಿಯೇ ಇರಲಿಲ್ಲ. ಥೂ, ಇವನೂ ಒಬ್ಬ ಅಣ್ಣನೇ! ತನಗೆ ತಿಳಿಯುತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ತಂಗಿಯ ಗಂಡನನ್ನು ಇಳಿಜಾರಿಗೆ ಬಿಡುವುದೇ ಇವನಿಗೆ ಸುಲಭವಾಗಿತ್ತು.

ನಾನೇ ಬಗ್ಗಿ ಮುಂದಿನ ಚಕ್ರ ನೋಡಿದೆ. "ಗಾಳಿ ಮೇಲಕ್ಕಲ್ವಾ ಹೋಗೋದು? ಎರಡೂ ಕಡೆ ನಿಪ್ಪಲ್ ಯಾಕೆ ಕೆಳಗಿದೆ?"

ಡಾಕ್ಟರ ಮುಖ ಹುಳ್ಳಗಾಯಿತು. ಬ್ರೇಕ್ ಹಿಡಿಯುವ ಕ್ಯಾಲಿಪರ್‌ಗಳಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿಬಿಟ್ಟಿದ್ದ, ಮಹಾರಾಯ! ನಿಪ್ಪಲ್ ಕೆಳಕ್ಕೆ ಬಂದು, ಗಾಳಿ ಮೇಲೇ ಉಳಿದಿತ್ತು. ನೂರು ಡಬ್ಬಿ ಆಯಿಲ್ ಸುರಿದರೂ ಅದು ಹೊರಗೆ ಬರುತ್ತಿರಲಿಲ್ಲ.

ಅವನು ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದ. ಮತ್ತೆ ಗಾಳಿ ತೆಗೆದಾಗ ಪೆಡಲ್ ನನ್ನ ಕಾಲಿನಡಿ ಕಲ್ಲಿನಂತೆ ನಿಂತಿತು.

"ನಿಮ್ಮ ಕೈಗುಣಾನೇ ಕೈಗುಣ ಭಾವ!" ಎಂದು ನಮ್ಮವರು ಬಾಯ್ತುಂಬ ನಕ್ಕರು.

ಅಣ್ಣ ಎದೆಯುಬ್ಬಿಸಿದ. "ಅಲ್ಲೇ ಏನೋ ಎಡವಟ್ಟಾಗಿದೆ ಅಂತ ನಂಗೆ ಬೆಳಗ್ಗೆಯಿಂದ್ಲೇ ಅನುಮಾನ ಇತ್ತು ಭಾವ."

"ಇತ್ತು" ಎಂದೆ ನಾನು. "ಅದಕ್ಕೇ ನೀನು ಹತ್ತಲಿಲ್ಲ."

ನಮ್ಮವರ ನಗು ಅಲ್ಲಿಗೇ ನಿಂತಿತು. ಅಣ್ಣನ ಮುಖವನ್ನು ಅವರು ದಿಟ್ಟಿಸಿ ನೋಡಿದರು. ಆಮೇಲೆ ಕೀಲಿಗೆಂದು ನನ್ನ ಕಡೆ ಕೈ ಚಾಚಿದರು. ಹತ್ತುವ ಮೊದಲು ತಾವೇ ಬಗ್ಗಿ ಮುಂದಿನ ಎರಡೂ ಚಕ್ರ ನೋಡಿದರು.