ಹೆಪ್ಪುಗಟ್ಟಿದ ಕೆರೆಯ ಬಾಯಿಗಳು

ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿರುವ ಮಗಳು ನವೆಂಬರಿನ ಒಂದು ಮಧ್ಯಾಹ್ನ ಪರ್ತಿನಲ್ಲಿರುವ ನನಗೆ ಫೋನ್ ಮಾಡಿ, ಜನವರಿಯ ಬೇಸಿಗೆ ರಜೆಯಲ್ಲಿ ಎಲ್ಲರೂ ಸೇರಿ ಚಳಿಗಾಲ ನೋಡಲು ಹೋಗುತ್ತಿದ್ದೇವೆ ಎಂದಳು. ಜಪಾನಿನ ಉತ್ತರಕ್ಕಿರುವ ಹೊಕ್ಕೈಡೊ ದ್ವೀಪಕ್ಕೆ.

"ದುಡ್ಡು ಕೊಟ್ಟು ಚಳಿಗೆ ಹೋಗೋದಾ? ನನಗೆ ಚಳೀಲಿ ನಿಲ್ಲೋಕೆ ಸಂಬಳ ಕೊಡ್ತಾರಮ್ಮ" ಎಂದೆ.

"ಅಪ್ಪಾ, ಅದು ಫ್ರೀಜರ್. ಇದು ಸ್ನೋ."

"ಎರಡೂ ಬೆಳ್ಳಗೇ ಇರ್ತವೆ."

"ಟಿಕೆಟ್ ಬುಕ್ ಆಗ್ಬಿಟ್ಟಿದೆ. ಸುಮ್ನೆ ಬಾ."

ಆಮೇಲೆ ಮಾಡಬೇಕಾದವುಗಳ ಪಟ್ಟಿ ಕಳಿಸಿದಳು. ಜಾರುಬಂಡಿ, ಹಿಮ ಸುರಿಯುವಾಗ ಬಯಲಿನಲ್ಲೇ ಬಿಸಿನೀರಿನ ಸ್ನಾನ, ಹಿಮದಲ್ಲಿ ಕಾಲು ಹೂತುಹೋಗದಂತೆ ಅಗಲ ಪಾದರಕ್ಷೆ ಕಟ್ಟಿಕೊಂಡು ಕಾಡಿನಲ್ಲಿ ನಡಿಗೆ. ಕೊನೆಯಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವುದು. ಅದಕ್ಕೊಂದು ಚಿತ್ರವೂ ಇತ್ತು. ಬೆಳ್ಳನೆಯ ನೆಲ, ನೆಲದಲ್ಲಿ ಸಾಲಾಗಿ ತೂತುಗಳು, ತೂತಿನೊಳಗೆ ಕಪ್ಪು ನೀರು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದುಹೋದೆ.

ಅಂಥ ನೆಲವನ್ನು ನಾನು ಮೊದಲೇ ನೋಡಿದ್ದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಘಟ್ಟ ಇಳಿದು, ಕರಾವಳಿಯ ಒಂದು ಮೀನು ಬಂದರಿನ ಐಸ್ ಫ್ಯಾಕ್ಟರಿ ಸೇರಿದ್ದೆ. ಶೆಡ್ಡಿನ ತುಂಬ ಒಂದೇ ತೊಟ್ಟಿ. ಅದರಲ್ಲಿ ಐಸಿಗಿಂತ ತಣ್ಣಗಿದ್ದೂ ಹೆಪ್ಪುಗಟ್ಟದ ಉಪ್ಪುನೀರು. ಆ ನೀರಿನಲ್ಲಿ ಸಿಹಿನೀರು ತುಂಬಿದ ಎತ್ತರದ ಡಬ್ಬಿಗಳನ್ನು ಇಳಿಬಿಟ್ಟರೆ ಎರಡು ದಿನಕ್ಕೆ ಗಡ್ಡೆ ತಯಾರು. ತೊಟ್ಟಿಯ ಮೇಲೆ ಮರದ ಮುಚ್ಚಳಗಳು. ಆ ಮುಚ್ಚಳಗಳೇ ನಮಗೆ ನೆಲ. ಡಬ್ಬಿ ಎತ್ತಬೇಕಾದಾಗ ಮುಚ್ಚಳ ತೆಗೆಯುತ್ತಿದ್ದೆವು, ಆಗ ನೆಲದಲ್ಲೊಂದು ತೂತು ಬೀಳುತ್ತಿತ್ತು.

ಅದಕ್ಕೇ ಅಲ್ಲೊಂದು ಕಟ್ಟಳೆ. ಮುಚ್ಚಳ ತೆಗೆದವನು "ಬಾಯಿ!" ಎಂದು ಕೂಗಬೇಕು. ಶೆಡ್ಡಿನಲ್ಲಿರುವ ಮಿಕ್ಕವರು "ಕಂಡೆ!" ಎನ್ನಬೇಕು. ಆ ಉತ್ತರ ಕಿವಿಗೆ ಬೀಳುವವರೆಗೆ ಕೂಗಿದವನು ಅಲ್ಲಿಂದ ಕಾಲು ಎತ್ತುವಂತಿಲ್ಲ.

ಇದನ್ನೆಲ್ಲ ಕಲಿಸಿದವರು ಅಲ್ಲಿನ ಹಿರಿಯ ಕೆಲಸಗಾರರೊಬ್ಬರು. ನನಗಿಂತ ಹದಿನೈದು ವರ್ಷ ದೊಡ್ಡವರು, ತೆಳ್ಳಗಿನ ಮನುಷ್ಯ. ನಡೆಯುವಾಗ ಪ್ರತಿ ಮುಚ್ಚಳದ ಮೇಲೂ ಹಿಮ್ಮಡಿಯಿಂದ ಎರಡು ಸಲ ಕುಟ್ಟುವುದು ಅವರ ಅಭ್ಯಾಸ. ಟಕ್ ಟಕ್. ಶೆಡ್ಡಿನ ಯಾವ ಮೂಲೆಯಲ್ಲಿದ್ದರೂ ಅವರು ಎಲ್ಲಿದ್ದಾರೆಂದು ತಿಳಿಯುತ್ತಿತ್ತು.

ಒಂದು ದಿನ ನಾನು ಉಷ್ಣತೆಯ ಹಾಳೆಯಲ್ಲಿ ಅಂಕಿ ಬರೆಯುತ್ತಿದ್ದಾಗ ಅವರು ಹಿಂದಿನಿಂದ ಬಗ್ಗಿ ನೋಡಿದರು. ಲಾರಿಯವರೆಲ್ಲ ಅಲ್ಲೇ ಬೀಡಿ ಸೇದುತ್ತ ಕೂತಿದ್ದರು.

"ಏಳನೇ ಕ್ಲಾಸು ಓದಿದವನಿಗೆ ಏಳು ಬರೀಲಿಕ್ಕೇ ಬರುದಿಲ್ಲ ಮಾರಾಯ!"

ಎಲ್ಲರೂ ನಕ್ಕರು. ಅವರು ನನ್ನ ಬೆನ್ನು ತಟ್ಟಿ ತಾವೂ ನಕ್ಕರು. ನಾನು ನಗಲಿಲ್ಲ. ಆಗ ನನಗೆ ಹತ್ತೊಂಬತ್ತು. ಓದಿಲ್ಲ ಎನ್ನುವುದನ್ನು ದುಡಿಮೆಯಿಂದ ಮುಚ್ಚಿಕೊಂಡವನು ನಾನು, ಅದನ್ನು ಅವರು ಜನರೆದುರು ಕಿತ್ತು ತೋರಿಸಿದಂತಾಯಿತು. ಅವತ್ತಿನಿಂದ ಮಾತು ಬಿಟ್ಟೆ. ಕೆಲಸಕ್ಕೆ ಬೇಕಾದ ಮಾತನ್ನೂ ಬಿಟ್ಟೆ. ಅವರು ಬಾಯಿ ಎಂದರೆ ಬೇರೆಯವರು ಕಂಡೆ ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಮಧ್ಯಾಹ್ನ ಮಿಕ್ಕವರೆಲ್ಲ ಊಟಕ್ಕೆ ಹೋಗಿ ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ನಾನೊಂದು ಮುಚ್ಚಳ ತೆಗೆದು ಸರಪಳಿ ರಾಟೆಯಲ್ಲಿ ಡಬ್ಬಿ ಎತ್ತಿದೆ. ಕೂಗಬೇಕಾದರೆ ಅವರನ್ನೇ ಕೂಗಬೇಕು. ಕೂಗಲಿಲ್ಲ. ಡಬ್ಬಿ ತಳ್ಳಿಕೊಂಡು ಆಚೆ ಹೋದೆ. ಹಿಂದೆ, ಅವರು ನೀರಿನ ಪೈಪು ಎಳೆಯುತ್ತ ಹಿಮ್ಮುಖವಾಗಿ ನಡೆದು ಬರುವುದು ಕೇಳುತ್ತಿತ್ತು. ಟಕ್ ಟಕ್. ಟಕ್ ಟಕ್. ಟಕ್.

ಎರಡನೆಯದು ಬರಲಿಲ್ಲ.

ಸೊಂಟದವರೆಗೆ ಒಳಗೆ ಹೋಗಿದ್ದರು. ತಲೆ ಪಕ್ಕದ ಕಬ್ಬಿಣಕ್ಕೆ ಬಡಿದಿತ್ತು. ಊಟಕ್ಕೆ ಹೋದವರು ಓಡಿಬಂದರು, ಸೇರಿ ಮೇಲೆತ್ತಿದೆವು. "ಮುಚ್ಚಳ ತೆಗೆದದ್ದು ಯಾರು?" ಎಂದು ಧಣಿಗಳು ಕೇಳಿದಾಗ ಯಾರೋ "ಅವರೇ ತೆಗೆದಿರಬೇಕು" ಎಂದರು. ನಾನು ತಲೆಯಾಡಿಸಿದೆ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲೇ ನಿಂತಿದ್ದೆ. ಅವರ ತಂಗಿ ಮಂಚದ ಪಕ್ಕ ಕೂತಿದ್ದರು. ಮಂಚದ ಮೇಲಿದ್ದ ಅವರು ಕಣ್ಣು ತೆರೆದು, ನನ್ನನ್ನು ಗುರುತಿಸಿ, ತುಟಿಯಲ್ಲೇ ನಕ್ಕರು.

"ಎಂತ ಮಾರಾಯ, ಇನ್ನೂ ಮಾತಾಡುದಿಲ್ವಾ ನೀನು?"

ತಿರುಗಿ ನಡೆದುಬಿಟ್ಟೆ. ಅವತ್ತೇ ಸಂಜೆ ಅವರು ತೀರಿಕೊಂಡರು.

ಆಮೇಲೆ ರೆಫ್ರಿಜರೇಷನ್ ಕೆಲಸ ಕಲಿತು, ಗಲ್ಫಿನಲ್ಲಿ ದುಡಿದು, ಅಡಿಲೇಡಿಗೆ ಬಂದೆ. ಯಾರ ಮುಂದೆಯೂ ಕೈಯೊಡ್ಡದೆ ಬಂದೆ ಎಂದು ಈಗಲೂ ಎದೆ ಮುಟ್ಟಿ ಹೇಳಬಲ್ಲೆ. ಆದರೆ ಒಂಟಿಯಾಗಿ ಬರಲಿಲ್ಲ. ಅಲ್ಲಿ ಸಮುದ್ರದೊಳಕ್ಕೆ ಚಾಚಿದ ಗ್ಲೆನೆಲ್ಗ್ ಜೆಟ್ಟಿಯ ಮೇಲೆ ಹೆಂಡತಿಯೊಡನೆ ನಡೆಯುವಾಗ ಅರ್ಧ ದಾರಿಯಲ್ಲಿ ಹಿಂದಿನಿಂದ ಕೇಳಿಸಿತು. ಟಕ್ ಟಕ್. ತಿರುಗಿದರೆ ಐಸ್‌ಕ್ರೀಮ್ ತಿನ್ನುವವರು, ಗಾಳ ಹಾಕಿದವರು. ಆಮೇಲೆ ಆ ಊರಿನಲ್ಲಿದ್ದಷ್ಟು ವರ್ಷವೂ ಅವಳು ಜೆಟ್ಟಿಯ ತುದಿಗೆ ಒಬ್ಬಳೇ ಹೋಗಿಬಂದಳು, ನಾನು ಟ್ರಾಮ್ ನಿಲ್ಲುವಲ್ಲಿ ಕಾಯುತ್ತಿದ್ದೆ. "ನಿಮಗೆ ಸಮುದ್ರ ಅಂದ್ರೆ ಭಯ ಅಂತ ಒಪ್ಕೊಂಡ್ಬಿಡಿ" ಎನ್ನುತ್ತಿದ್ದಳು. ಒಪ್ಪಿಕೊಂಡೆ. ಅದು ಸುಲಭವಿತ್ತು.

ಪರ್ತಿಗೆ ಬಂದ ಮೇಲೆ ಕ್ಯಾನಿಂಗ್ ವೇಲ್‌ನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ನೆಲದ ಯಾವ ಮುಚ್ಚಳ ತೆಗೆದರೂ ಸುತ್ತ ನಾಲ್ಕು ಎಚ್ಚರಿಕೆಯ ಕೋನ್ ಇಡುತ್ತೇನೆ, ಎರಡು ಸಾಕು ಎಂದು ಮೇಲಿನವರು ಹೇಳಿದರೂ. ನನ್ನ ಕಣ್ಣೆದುರು ಇದುವರೆಗೆ ಒಬ್ಬನಿಗೂ ಗಾಯವಾಗಿಲ್ಲ ಎಂದು ಬರೆದ ಸುರಕ್ಷತೆಯ ಸರ್ಟಿಫಿಕೇಟು ಕೊಟ್ಟಿದ್ದಾರೆ. ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ ಊಟದ ಮನೆಯಲ್ಲಿ ತೂಗುಹಾಕಿದಳು. ಅದಕ್ಕೆ ಬೆನ್ನು ಮಾಡಿ ಊಟಕ್ಕೆ ಕೂರುತ್ತೇನೆ.

ಹೊಕ್ಕೈಡೊ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಜಾರುಬಂಡಿಯಲ್ಲಿ ಏಳು ವರ್ಷದ ಮೊಮ್ಮಗಳು ನನ್ನ ಮಡಿಲಲ್ಲಿ ಕೂತು ಕಿರುಚಿದ ಕಿರುಚಾಟಕ್ಕೆ ಬೆಟ್ಟದ ಕಾಗೆಗಳೆಲ್ಲ ಎದ್ದುಹೋದವು. ಬಿಸಿನೀರಿನ ಕೊಳಕ್ಕೆ ಮೈಮೇಲೆ ನೂಲೂ ಇಲ್ಲದೆ ಇಳಿಯಬೇಕು ಎಂದಾಗ ನಾನು ಟವೆಲ್ ಬಿಡಲಿಲ್ಲ.

"ಮಾವ, ಇಲ್ಲಿ ಯಾರೂ ನೋಡಲ್ಲ" ಎಂದ ಮೈಸೂರಿನ ಅಳಿಯ, ಕುತ್ತಿಗೆವರೆಗೆ ಮುಳುಗಿಕೊಂಡು.

"ನೀನಿದ್ದೀಯಲ್ಲಪ್ಪ!"

ಮೈ ಬಿಸಿ, ತಲೆಯ ಮೇಲೆ ಹಿಮ. ಕಣ್ಣು ಮುಚ್ಚಿದೆ. ಅಷ್ಟು ಹೊತ್ತು ಏನೂ ಕೇಳಿಸಲಿಲ್ಲ.

ಕೊನೆಯ ದಿನ ಕೆರೆ. ಮಂಡಿ ನೋವಿನ ಹೆಂಡತಿ ಬಸ್ಸಿನಲ್ಲೇ ಉಳಿದಳು. ನನಗೂ ಉಳಿಯಲು ನೆವ ಬೇಕಾದಷ್ಟಿತ್ತು. ಆದರೆ ಮೊಮ್ಮಗಳು ಆ ತೂತಿನ ನೆಲದ ಮೇಲೆ ಓಡುತ್ತಾಳೆ, ಓಡದೆ ಇರುವವಳಲ್ಲ. ಇಳಿದೆ.

ಒಂದೊಂದು ಮನೆಯವರಿಗೆ ಒಂದೊಂದು ಟೆಂಟು, ಟೆಂಟಿನೊಳಗೆ ಕೊರೆದ ತೂತುಗಳು. ಹೊರಗೆ ನಿನ್ನೆ ಕೊರೆದ ಹಳೆಯ ತೂತುಗಳಿಗೆ ಗೈಡ್ ಕೆಂಪು ಬಾವುಟ ನೆಟ್ಟಿದ್ದ. ನಾನು ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು, ಹಿಮ್ಮಡಿಯಲ್ಲಿ ಎರಡು ಸಲ ಕುಟ್ಟಿ ಆಮೇಲೆ ಹೆಜ್ಜೆ ಇಡುತ್ತಿದ್ದೆ. ಬಾವುಟ ಕಂಡಲ್ಲೆಲ್ಲ "ಬಾಯಿ!" ಎಂದು ಕೂಗಿದೆ. ಆ ಕೂಗು ಎಷ್ಟು ವರ್ಷದಿಂದ ಗಂಟಲಲ್ಲಿತ್ತೋ, ಕೆರೆಯ ಆಚೆ ದಡದವರೆಗೆ ಹೋಯಿತು. ಪಕ್ಕದ ಟೆಂಟಿನವರು ಇಣುಕಿದರು.

"ಅಪ್ಪಾ, ಮಾನ ತೆಗೀಬೇಡ" ಎಂದಳು ಮಗಳು.

"ತಾತಾ, ಐ ನೋ ಬಾಯಿ ಈಸ್ ಮೌತ್. ಐಸ್‌ಗೆ ಯಾಕೆ ಮೌತ್?"

ಅವಳಿಗೆ ಕಟ್ಟಳೆ ಹೇಳಿಕೊಟ್ಟೆ. ಕೂಗಬೇಕು, ಉತ್ತರ ಬರಬೇಕು, ಬರುವವರೆಗೆ ಕಾಲು ಎತ್ತಬಾರದು. ಅವಳಿಗದು ಆಟವಾಯಿತು. ಅವಳು ಬಾಯಿ ಎನ್ನುವುದು, ಅವಳಪ್ಪ ಕಂಡೆ ಎನ್ನುವುದು. ಬೆರಳುದ್ದದ ಮೀನು ನಾಲ್ಕು ಸಿಕ್ಕ ಮೇಲೆ ಬೇಜಾರಾಗಿ, ಅಪ್ಪನನ್ನು ಎಳೆದುಕೊಂಡು ಹಿಮದ ಗೊಂಬೆ ಮಾಡಲು ಹೊರಗೆ ಹೋದಳು.

ಟೆಂಟಿನಲ್ಲಿ ನಾನು, ಮಗಳು, ನಡುವೆ ತೂತು.

"ಅದೇನಪ್ಪ ಆ ಆಟ? ನಮಗ್ಯಾವತ್ತೂ ಹೇಳ್ಕೊಟ್ಟಿಲ್ಲ" ಎಂದಳು.

ಹೇಳಿದೆ. ಏಳರ ಅಂಕಿಯಿಂದ ಹಿಡಿದು ವಾರ್ಡಿನ ಬಾಗಿಲವರೆಗೆ. ಅವಳ ಮುಖ ನೋಡಲಿಲ್ಲ, ನೀರನ್ನೇ ನೋಡುತ್ತ ಹೇಳಿದೆ. ಅವಳ ಗಾಳಕ್ಕೆ ಮೀನು ಬಿದ್ದು ದಾರ ಎಳೆಯುತ್ತಿತ್ತು. ಅವಳು ಎತ್ತಲಿಲ್ಲ.

"ಅವರ ತಂಗಿಗೆ ಗೊತ್ತಾ?"

"ಇಲ್ಲ."

"ಇದ್ದಾರಾ?"

"ಇದ್ದಾರೆ. ಬಂದರಿನ ಹಿಂದಿನ ಓಣೀಲಿ, ಅದೇ ಮನೆ ಅಂತೆ."

"ಮತ್ತೆ ನನಗ್ಯಾಕಪ್ಪ ಹೇಳ್ತಿದ್ದೀಯ?"

ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಆ ಪ್ರಶ್ನೆ ಹಿಮಗಾಳಿಗಿಂತ ನೇರವಾಗಿ ಬಂದು ತಾಕಿತು.

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. "ಬಾಯಿ!"

ಟೆಂಟಿನ ಬಾಗಿಲು ಸರಿಸಿದೆ. ಅಳಿಯ ದೂರದಲ್ಲಿ ಗೊಂಬೆಗೆ ಹಿಮ ಒಟ್ಟುತ್ತ ಬಗ್ಗಿದ್ದ, ಟೋಪಿ ಕಿವಿ ಮುಚ್ಚಿತ್ತು. ಮೊಮ್ಮಗಳು ನನ್ನಿಂದ ಹತ್ತು ಹೆಜ್ಜೆ ಆಚೆ ನಿಂತಿದ್ದಳು. ಅವಳ ಬೂಟಿನ ತುದಿಯ ಮುಂದೆಯೇ ಒಂದು ಬಾವುಟ ಮಗುಚಿ ಬಿದ್ದಿತ್ತು, ಅದರ ಪಕ್ಕ ಹೊಸ ಹಿಮದ ತೆಳು ಪದರದಡಿ ಹಳೆಯ ತೂತು, ಬಕೆಟ್ಟಿನಷ್ಟು ಅಗಲ. ಕಾಲು ನುಂಗಲು ಅಷ್ಟು ಸಾಕು. ಅವಳು ಅಲುಗಲಿಲ್ಲ. ಹೇಳಿಕೊಟ್ಟ ಹಾಗೇ ಕಾಯುತ್ತಿದ್ದಳು.

"ಬಾಯಿ!" ಮತ್ತೆ ಕೂಗಿದಳು.

ಕಂಡೆ ಎನ್ನಲು ಬಾಯಿ ತೆರೆದು, ವಾರ್ಡಿನ ಬಾಗಿಲಲ್ಲಿ ನಿಂತ ಹಾಗೇ ನಿಂತೆ. ಬೆನ್ನ ಹಿಂದೆ ಸ್ಪಷ್ಟವಾಗಿ ಕೇಳಿಸಿತು. ಟಕ್ ಟಕ್. ಹಿಂದೆ ಕೂತಿದ್ದವಳು ಮಗಳು ಒಬ್ಬಳೇ, ಅವಳ ಕಾಲು ಅಲುಗಿರಲಿಲ್ಲ.

"ತಾತಾ! ಯು ಹ್ಯಾವ್ ಟು ಸೇ ಇಟ್!" ಅವಳ ದನಿ ನಡುಗತೊಡಗಿತ್ತು.

"ಕಂಡೆ" ಎಂದೆ. ಅದು ನನಗೇ ಕೇಳಲಿಲ್ಲ. ಇನ್ನೊಮ್ಮೆ, ಇದ್ದಬದ್ದ ಉಸಿರೆಲ್ಲ ಕೂಡಿಸಿ, "ಕಂಡೆ!"

ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ತೂತು ಬಳಸಿಕೊಂಡು ಬಂದು ನನ್ನ ಕಾಲು ತಬ್ಬಿದಳು. "ಯು ಟುಕ್ ಸೋ ಲಾಂಗ್" ಎಂದು ಬೈದಳು.

ಹೌದಮ್ಮ, ಎಂದೆ.

ದಡದಲ್ಲಿ ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕೊಟ್ಟರು. ಎಲ್ಲರೂ ತಿಂದರು. ನಾನೂ ಒಂದು ತಿಂದೆ, ರುಚಿ ತಿಳಿಯಲಿಲ್ಲ.

ಆ ಸದ್ದು ನಿಂತೀತು ಎಂದುಕೊಂಡಿದ್ದೆ. ನಿಂತಿಲ್ಲ. ಕ್ಯಾನಿಂಗ್ ವೇಲ್‌ನ ಫ್ರೀಜರಿನಲ್ಲಿ, ಪೆಟ್ಟಿಗೆಗಳ ಸಾಲಿನ ಕೊನೆಯಲ್ಲಿ, ಈಗಲೂ ಬರುತ್ತದೆ. ಮರಳಿದ ವಾರವೇ ಆ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿದೆ. ಹೆಂಡತಿ ಯಾಕೆಂದಳು. ಅವಳಿಗೂ ಹೇಳಿದೆ. ಆಮೇಲೆ ಅದೇ ಊಟದ ಮೇಜಿನ ಮುಂದೆ ಕೂತು, ನನ್ನ ಕೆಟ್ಟ ಅಕ್ಷರದಲ್ಲೇ, ಬಂದರಿನ ಹಿಂದಿನ ಓಣಿಯ ಮನೆಗೆ ಪತ್ರ ಬರೆದೆ. ಮುಚ್ಚಳ ತೆಗೆದದ್ದು ನಾನು, ಕೂಗಲಿಲ್ಲ, ಅವರೇ ತೆಗೆದದ್ದೆಂದಾಗ ತಲೆಯಾಡಿಸಿದೆ. ಇಷ್ಟೇ ಇತ್ತು ಅದರಲ್ಲಿ.

ಪತ್ರ ಹಾಕಿ ಒಂಬತ್ತು ವಾರವಾಯಿತು. ಏನೂ ಬಂದಿಲ್ಲ. ಬರಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೆ ಕೂಗಿದವನು ಉತ್ತರ ಕೇಳುವವರೆಗೆ ಕಾಲು ಎತ್ತಬಾರದು ಎಂದು ಅವರೇ ಕಲಿಸಿದ್ದು. ನಿಂತಿದ್ದೇನೆ.