ಓಟು ಕೇಳಲು ಬಂದವರೆಂದು ಕದ ತೆರೆಯಲಿಲ್ಲ

ಶನಿವಾರ ಸಂಜೆ ಐದೂ ನಲವತ್ತಕ್ಕೆ ಯಾರೋ ಬಾಗಿಲು ತಟ್ಟಿದರು. ನನ್ನ ಗಂಡ ಸುಧೀರ್ ಪರದೆ ಸರಿಸಿ ಇಣುಕಿದ. ತಕ್ಷಣ ಟಿವಿ ಮ್ಯೂಟ್ ಆಯಿತು.

"ಪಾಸ್ಟರ್ ಕಣೇ. ಓಟು ಕೇಳಕ್ಕೆ ಬಂದಿದಾರೆ. ಸುಮ್ನಿರು, ಯಾರೂ ಇಲ್ಲ ಅನ್ಕೊಂಡು ಹೋಗ್ತಾರೆ."

ಇಬ್ಬರೂ ಉಸಿರು ಬಿಗಿಹಿಡಿದು ಸೋಫಾದಲ್ಲಿ ಕೂತೆವು. (ಒಬ್ಬ ಎಂಜಿನಿಯರ್, ಒಬ್ಬಳು ಎಂ.ಎ.)

ಪರದೇಶದ ಈ ಪಾಪಟೋಟೊಯಿ ಬಡಾವಣೆಯ ನಮ್ಮ ಬೀದಿಗೆ ಅವರು ಹಳಬರು. ಚರ್ಚಿನಲ್ಲಿದ್ದಾಗ ತಟ್ಟಿದರೆ, ಮತಾಂತರಕ್ಕೆ ಬಂದರೆಂದು ನಾವು ತೆರೆಯುತ್ತಿರಲಿಲ್ಲ. ಈ ವರ್ಷ ಚರ್ಚು ಬಿಟ್ಟು ಲೋಕಲ್ ಬೋರ್ಡ್ ಚುನಾವಣೆಗೆ ನಿಂತರು. ಮತಕ್ಕೆ ಬಂದರೆಂದು ತೆರೆಯಲಿಲ್ಲ.

ಆದರೆ ಅವತ್ತು ಅವರು ಹೋಗಲೇ ಇಲ್ಲ. ತಟ್ಟುವುದು ಗುದ್ದುವುದಾಯಿತು. ಮಗಳು ದಿಯಾ ರೂಮಿನಿಂದ ಬಂದು, "ಅಮ್ಮಾ, ಹೀ ಈಸ್ ಶೌಟಿಂಗ್ ವಾಟರ್" ಎನ್ನುತ್ತಾ ತಾನೇ ಚಿಲಕ ತೆಗೆದಳು.

ಇಡೀ ದಿನ ಮಳೆ ಸುರಿದಿತ್ತು. ಹಿತ್ತಿಲಿನಾಚೆಯ ಹಳ್ಳ ಉಕ್ಕಿದ್ದು ಬೀದಿಗೆ ಕಂಡಿತ್ತು, ಟಿವಿ ಮುಂದಿದ್ದವರಿಗೆ ಕಂಡಿರಲಿಲ್ಲ. ಪಾಸ್ಟರ್ ಕೇಳಿದ್ದು ಒಂದೇ: "ವೇರ್ ಈಸ್ ಗ್ರ್ಯಾಂಡ್‌ಮಾ?"

ನಮ್ಮತ್ತೆ! ಮೈಸೂರಿನಿಂದ ಬಂದವರು ಹಿತ್ತಿಲ ಒಂಟಿ ಕೋಣೆಯಲ್ಲಿ, ಕಿವಿಯ ಮಿಷನ್ ತೆಗೆದಿಟ್ಟು, ಶೀತದ ಮಾತ್ರೆ ನುಂಗಿ ಮಲಗಿದ್ದರು. ಅಲ್ಲಿ ನೀರು ಮೊಣಕಾಲು ದಾಟಿತ್ತು. ಹೊರಕ್ಕೆ ತೆರೆಯುವ ಬಾಗಿಲನ್ನು ನೀರೇ ಒತ್ತಿ ಹಿಡಿದಿತ್ತು. ಸುಧೀರನೂ ಪಾಸ್ಟರೂ ಸೇರಿ ಎಳೆದರು. ಅತ್ತೆ ಮಂಚದ ಮೇಲೆ ನಿಂತಿದ್ದರು. ಚಪ್ಪಲಿ ತೇಲುತ್ತಿತ್ತು.

ಪಾಸ್ಟರ್ ಬೆನ್ನು ಬಗ್ಗಿಸಿ ಅವರನ್ನು ಉಪ್ಪುಮೂಟೆ ಹೊತ್ತರು. "ನೀನು ದಿನಾ ಕೈ ಬೀಸೋನಲ್ವೇನಪ್ಪಾ?" ಎಂದರು ಅತ್ತೆ. ಆ ಮನುಷ್ಯನಿಗೆ ಕನ್ನಡ ಬಾರದು. "ಯೆಸ್, ಮಾಮಾ" ಎಂದರು. (ಅವರ ಮಾತಿನಲ್ಲಿ ಮಾಮಾ ಎಂದರೆ ಅಮ್ಮ.)

ನಾವು ಬಾಗಿಲು ಹಾಕಿಕೊಂಡ ದಿನಗಳಲ್ಲೆಲ್ಲ ಅತ್ತೆ ಹಿತ್ತಿಲ ಬೇಲಿಯಿಂದ ಅವರಿಗೆ ಕೈ ಬೀಸುತ್ತಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ಸಣ್ಣ ಹನಿ ಬಿದ್ದರೂ ನಾನು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಅವರು ಹೋಗಿಬಿಟ್ಟಿದ್ದರೆ? ಮರ್ಯಾದಸ್ಥರು ಎರಡು ಸಲ ತಟ್ಟಿ ಹೋಗುತ್ತಾರೆ. ಪುಣ್ಯ, ಇವರು ಅಂಥ ಮರ್ಯಾದಸ್ಥರಲ್ಲ.

ಎಂ.ಎ.ಯಲ್ಲಿ ಒಬ್ಬ ಪಾದ್ರಿಯ ಬದುಕನ್ನು ಓದಿದ್ದೆ. ಅಮೆರಿಕ ಇನ್ನೂ ಹೊಸ ದೇಶವಾಗಿದ್ದ ಕಾಲದವನು. ಚರ್ಚು ಬಿಟ್ಟು ಶಾಸನಸಭೆಗೆ ಹೋದ. ದೇವರಿಗಿಂತ ಕುರ್ಚಿ ರುಚಿಸಿತು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಆತ ಪಾದ್ರಿಯಾಗಿದ್ದಾಗ ಕುದುರೆಯೇರಿ ಮನೆಮನೆಗೆ ಹೋಗುತ್ತಿದ್ದ, ಗೆದ್ದ ಮೇಲೂ ಹೋಗುತ್ತಿದ್ದ. ಅದನ್ನೂ ಓದಿದ್ದೆ. ಬರೆಯಬೇಕು ಅನ್ನಿಸಿರಲಿಲ್ಲ.

ನಮ್ಮ ಪಾಸ್ಟರ್ ಸೋತರು. (ನಮ್ಮ ಮನೆಯ ಓಟುಗಳು ಬಿದ್ದೂ ಸೋತರು!) ಫಲಿತಾಂಶ ಬಂದ ಮರುದಿನ ಸಂಜೆ ಮತ್ತೆ ಬಾಗಿಲು ತಟ್ಟಿದರು. ಈ ಸಲ ಓಡಿಹೋಗಿ ತೆರೆದೆ. ಮಳೆ ಬರುವಂತಿದೆ, ಮೋರಿಗೆ ಕಸ ಕಟ್ಟಿದೆಯಾ ನೋಡಬೇಕು ಎಂದರು. ಗಮ್‌ಬೂಟು ಹಾಕಿಯೇ ಬಂದಿದ್ದರು. ಅತ್ತೆ ಕೊಟ್ಟ ಕಾಫಿ ಕುಡಿದು, ಎಲೆಗಳನ್ನೆಲ್ಲ ಬಾಚಿ ತೆಗೆದು ಹೋದರು.

ಆ ರಾತ್ರಿಯೆಲ್ಲ ಮಳೆ ಬಂತಂತೆ. ನನಗೆ ಗೊತ್ತಿಲ್ಲ. ಎಷ್ಟೋ ವಾರಗಳ ನಂತರ ಮೊದಲ ಬಾರಿಗೆ ಬೆಳಗಾಗುವವರೆಗೂ ನಿದ್ದೆ ಮಾಡಿದೆ.

ಅಂದಹಾಗೆ, ಗೆದ್ದವರು ಇನ್ನೂ ಬಾಗಿಲು ತಟ್ಟಿಲ್ಲ.