ಜಟ್ಟೆಮ್ಮನ ಎರಡನೇ ಕಾರ್ಡು

ಹಲಸೂರು ಕೆರೆಯ ಹಿಂದಿನ ಓಣಿಯೊಂದರಲ್ಲಿ, ಮೊದಲ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಜಟ್ಟೆಮ್ಮ ಇದ್ದಳು. ಹರಿಹರದ ಕಡೆಯವಳು. ಕೆ.ಆರ್. ಪುರದ ಹತ್ತಿರ ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಬೆಸುಗೆ ಹಾಕಿ, 2002ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದಳು. ಆಮೇಲೆ ಇಂದಿರಾನಗರದ ಒಂದು ಕಚೇರಿಗೆ ಹಳೆಯ ವಿಮಾ ಅರ್ಜಿಗಳನ್ನು ಟೈಪ್ ಮಾಡಿ ಕಳಿಸುವ ಕೆಲಸ ಹಿಡಿದಳು. ಅರ್ಜಿಗಳು ಇಂಟರ್ನೆಟ್ಟಿನಲ್ಲಿ ಬರುತ್ತಿದ್ದವು, ಮಧ್ಯಾಹ್ನದೊಳಗೆ ಅದರಲ್ಲೇ ವಾಪಸ್ ಹೋಗಬೇಕಿತ್ತು. ಅದಕ್ಕೆಂದು ಮೇಜಿನ ಕೆಳಗೆ ಮುಚ್ಚಳವಿಲ್ಲದ ಹಳೆಯ ಕಂಪ್ಯೂಟರೊಂದು ಹಗಲೂ ರಾತ್ರಿ ಓಡುತ್ತಿತ್ತು. ಪತ್ರಿಕೆಯ ಜೊತೆ ಬಂದ ಸೀಡಿಯಿಂದ ಅದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿದವಳು ಅವಳೇ.

ಓಣಿಗೆಲ್ಲ ಇಂಟರ್ನೆಟ್ ಲೈನು ಕೊಟ್ಟಿದ್ದವನು ಕೇಬಲ್ ಟೀವಿಯ ಸಂಜೀವಪ್ಪ. ತಾರಸಿಯಿಂದ ತಾರಸಿಗೆ, ಹೊಂಗೆ ಮರದಿಂದ ಕಂಬಕ್ಕೆ ನೀಲಿ ತಂತಿ ಎಳೆಸಿದ್ದ. ಮೂಲೆಯಲ್ಲಿ ಅವನದೇ ಗಾಜಿನ ಬಾಗಿಲಿನ ಬ್ರೌಸಿಂಗ್ ಸೆಂಟರು. ಒಂದು ಲೈನಿಗೆ ಒಂದೇ ಮನೆ ಎಂಬುದು ಅವನ ನಿಯಮ.

2004ರ ಮಾರ್ಚಿನ ಒಂದು ಬೆಳಿಗ್ಗೆ, ನೀರಿನ ಟ್ಯಾಂಕರ್ ಬಂದು ಓಣಿಯೆಲ್ಲ ಬಿಂದಿಗೆ ಹಿಡಿದು ನಿಂತಿದ್ದಾಗ, ಸಂಜೀವಪ್ಪ ತಲೆಯೆತ್ತಿ ನೋಡಿದ. ಜಟ್ಟೆಮ್ಮನ ಬಾಲ್ಕನಿಯಿಂದ ಎದುರು ಮನೆಯ ಖುರ್ಷೀದಾಳ ಬಾಲ್ಕನಿಗೆ ನೀಲಿ ತಂತಿ ಹೋಗಿತ್ತು. ತನ್ನ ಲೈನು ಕದ್ದು ಹಂಚುತ್ತಿದ್ದಾಳೆ ಎಂದು ಕೂಗಾಡಿ ಅದನ್ನು ಕತ್ತರಿಸಲು ತನ್ನ ಕೆಲಸದವನಿಗೆ ಹೇಳಿದ. ಅದು ಅವನ ಕೆಲಸದವರೇ ಬಿಸಾಕಿ ಹೋದ ತುಂಡು. ಎರಡೂ ತುದಿಗೆ ಮೊಳೆ ಹೊಡೆದು ಹೆಂಗಸರಿಬ್ಬರೂ ಬಟ್ಟೆ ಒಣಗಿಸುತ್ತಿದ್ದರು. ಕತ್ತರಿಸಿದ ಕೂಡಲೇ ಖುರ್ಷೀದಾಳ ಎರಡು ಸಲ್ವಾರು, ಜಟ್ಟೆಮ್ಮನ ಗಂಡ ಸಂಗನಬಸಪ್ಪನ ಬನಿಯನ್ ರಸ್ತೆಗೆ ಬಿದ್ದವು.

ಖುರ್ಷೀದಾ ಮೇಲಿನಿಂದ ಕೇಳಿದಳು: "ಏನ್ ಭಾಯ್, ಬನಿಯನ್‌ನಾಗೂ ಇಂಟರ್ನೆಟ್ ಬರ್ತದಾ?"

ಓಣಿ ನಕ್ಕಿತು. ಅಲ್ಲಿಗೆ ಮುಗಿಯಬೇಕಿದ್ದದ್ದು ಆ ನಗುವಿನಿಂದಲೇ ಬೆಳೆಯಿತು. ನಗೆಪಾಟಲಾದ ಸಂಜೀವಪ್ಪ ಹಿಂದೆ ಸರಿಯಲಾರದೆ ಜಟ್ಟೆಮ್ಮನ ನಿಜವಾದ ಲೈನನ್ನೂ ಕಿತ್ತ. ಕದ್ದದ್ದು ತಪ್ಪಾಯಿತು ಅಂತ ಬರೆದು ಸಹಿ ಹಾಕಿದರೆ ಮಾತ್ರ ಮತ್ತೆ ಕೊಡುತ್ತೇನೆ ಎಂದ. ಖುರ್ಷೀದಾಳ ಮನೆಯಲ್ಲಿ ಇದ್ದದ್ದು ಹೊಲಿಗೆ ಯಂತ್ರ, ಕಂಪ್ಯೂಟರೇ ಇರಲಿಲ್ಲ ಎಂಬುದು ಅವನಿಗೆ ಬೇಕಾಗಿರಲಿಲ್ಲ.

ಎರಡು ದಿನ ಅರ್ಜಿಗಳು ನಿಂತವು. ಮೂರನೇ ದಿನ ಕಚೇರಿಯವರು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. "ಸಹಿ ತಾನೆ, ಹಾಕ್ಬಿಡು," ಎಂದ ಸಂಗನಬಸಪ್ಪ. ಹಾಕಿದಳು, ಲೈನು ವಾಪಸ್ ಬಂತು. ಆ ಕಾಗದವನ್ನು ಸಂಜೀವಪ್ಪ ಬೀರುವಿನಲ್ಲಿಡುತ್ತಾನೆ ಅಂದುಕೊಂಡಿದ್ದಳು. ಅವನು ಗಾಜಿನ ಬಾಗಿಲಿಗೆ, ಓದುವವರ ಕಣ್ಣಿನ ಎತ್ತರಕ್ಕೆ ಅಂಟಿಸಿದ. ಹಾಲಿನಂಗಡಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ದಿನಾ ಬೆಳಿಗ್ಗೆ ಹಾಲಿನ ಪಾಕೀಟು ಹಿಡಿದು ತನ್ನ ಕೈಬರಹದ ಮುಂದೆ ಹಾದು ಬರಬೇಕಿತ್ತು. ಪಕ್ಕದ ಮನೆಯವರು ಮಕ್ಕಳಿಗೆ ಅದನ್ನು ಓದಿ ಹೇಳುವುದನ್ನೂ ಒಮ್ಮೆ ಕೇಳಿಸಿಕೊಂಡಳು.

ಹನ್ನೆರಡನೇ ದಿನ ನಿರ್ಧಾರ ಮಾಡಿದಳು. ಕೊಡದ ಲೈನಿಗೆ ಕಳ್ಳಿ ಅನಿಸಿಕೊಂಡಾಯಿತು, ಇನ್ನು ಕೊಟ್ಟೇಬಿಡುವುದು. ಮೇಜಿನ ಕೆಳಗಿನ ಕಂಪ್ಯೂಟರಿಗೆ ತಂತಿ ಚುಚ್ಚುವ ಇನ್ನೊಂದು ನೆಟ್‌ವರ್ಕ್ ಕಾರ್ಡು ಹಾಕಿದರೆ ಒಂದು ಕಾರ್ಡಿಗೆ ಸಂಜೀವಪ್ಪನ ತಂತಿ, ಇನ್ನೊಂದರಿಂದ ಖುರ್ಷೀದಾಳ ಮನೆಗೆ ತಂತಿ. ಹೊರಗಿನವನಿಗೆ ಕಾಣುವುದು ಒಂದೇ ಕಂಪ್ಯೂಟರು. ಖುರ್ಷೀದಾ ತನಗೆ ಲೈನು ಯಾಕೆ ಅಂದಳು. ಹಳೆಯದೊಂದು ಕಂಪ್ಯೂಟರನ್ನೂ ಹೊಂದಿಸುತ್ತೇನೆ, ನೀನು ಸುಮ್ಮನಿರು ಎಂದಳು ಜಟ್ಟೆಮ್ಮ.

ಶಿವಾಜಿನಗರದಲ್ಲಿ ಬಿಚ್ಚಿದ ಕಂಪ್ಯೂಟರುಗಳ ಅಂಗಡಿ ಇಟ್ಟಿದ್ದ ಸನಾವುಲ್ಲಾ ಅವಳ ಹಳೆಯ ಕಾರ್ಡಿನಂಥದೇ ಇನ್ನೊಂದನ್ನು ಹುಡುಕಿ ಕೊಟ್ಟ. "ಎರಡೂ ಅವಳಿ ಜವಳಿ ಅಮ್ಮಾ, ಹೆತ್ತವಳಿಗೂ ಗುರುತು ಸಿಗಲ್ಲ. ಚೀಟಿ ಅಂಟಿಸ್ಕೊಳ್ಳಿ," ಎಂದ. ಕಾರ್ಖಾನೆಯಲ್ಲಿ ನಲವತ್ತು ಬಣ್ಣದ ತಂತಿಗಳನ್ನು ಕಣ್ಣಲ್ಲೇ ಬೇರೆ ಮಾಡಿದವಳಿಗೆ ಚೀಟಿಯ ಮಾತು ರುಚಿಸಲಿಲ್ಲ. ಚೀಟಿ ಅಂಟಿಸಲಿಲ್ಲ.

ಖಾಲಿ ಇದ್ದ ಜಾಗದಲ್ಲಿ ಹೊಸ ಕಾರ್ಡು ಕೂರಿಸಿ, ಎರಡನೇ ಕಾರ್ಡಿನ ಕಡೆಯ ಕಂಪ್ಯೂಟರುಗಳಿಗೆ ಇಂಟರ್ನೆಟ್ಟಿಗೆ ಹೋಗಲು ಬೇಕಾದ ವಿಳಾಸ ಹಂಚುವಂತೆ ಬರೆದು, ಯಂತ್ರ ಶುರು ಮಾಡಿದಳು. ಹೊಸ ಕಾರ್ಡನ್ನೇ ಲಿನಕ್ಸ್ ಮೊದಲನೆಯದೆಂದು ಎಣಿಸಿತ್ತು. ಸಂಜೀವಪ್ಪನ ತಂತಿಯಿದ್ದ ಹಳೆಯದು ಎರಡನೆಯದಾಯಿತು. ಅವಳು ಕಾಯುತ್ತಾ ಕೂತಳು. ಪರದೆಯ ಮೇಲೆ ಸಾಲುಗಳು ಏಳತೊಡಗಿದವು. ಯಾವುದೋ ಕಂಪ್ಯೂಟರು ವಿಳಾಸ ಕೇಳಿತು, ಇದು ಕೊಟ್ಟಿತು. ಇನ್ನೊಂದು ಕೇಳಿತು. ಅರ್ಧ ಗಂಟೆಯಲ್ಲಿ ಮೂವತ್ತಾದವು. ಖುರ್ಷೀದಾಳ ಮನೆಗೆ ಇನ್ನೂ ತಂತಿಯನ್ನೇ ಎಳೆದಿರಲಿಲ್ಲ.

ಆಗ ತಿಳಿಯಿತು. ಹಂಚುವ ಕೆಲಸ ಸಂಜೀವಪ್ಪನ ತಂತಿಯ ಕಡೆಗೇ ತಿರುಗಿತ್ತು. ಆ ತಂತಿಯಲ್ಲಿದ್ದ ಯಾವ ಮನೆಯ ಕಂಪ್ಯೂಟರು ಎದ್ದು ವಿಳಾಸ ಕೇಳಿದರೂ, ಸಂಜೀವಪ್ಪನ ಯಂತ್ರ ಬಾಯಿ ತೆರೆಯುವ ಮೊದಲೇ ಅವಳ ಯಂತ್ರ ಉತ್ತರ ಕೊಡುತ್ತಿತ್ತು. ಆ ವಿಳಾಸ ಹಿಡಿದು ಹೋದವರು ಅವಳ ಯಂತ್ರಕ್ಕೇ ಬಂದು ನಿಲ್ಲುತ್ತಿದ್ದರು, ಇಂಟರ್ನೆಟ್ ಇಲ್ಲ. ಅವಳು ಸ್ವಿಚ್ಚಿಗೆ ಕೈ ಚಾಚಿದಳು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು, ಕೇಳಿದ ಕಂಪ್ಯೂಟರಿನ ಹೆಸರಿನ ಸಮೇತ: ಸಂಜೀವ್ ಕೌಂಟರ್.

ಕೈ ಹಿಂದಕ್ಕೆ ತೆಗೆದುಕೊಂಡಳು.

ಅಂದಿನಿಂದ ಬೆಳಿಗ್ಗೆ ತಂತಿ ಸರಿಯಾದ ಕಾರ್ಡಿನಲ್ಲಿರುತ್ತಿತ್ತು, ಅರ್ಜಿಗಳು ಹೋಗುತ್ತಿದ್ದವು. ಕಾಲೇಜು ಬಿಟ್ಟು ಬ್ರೌಸಿಂಗ್ ಸೆಂಟರು ತುಂಬುವ ನಾಲ್ಕು ಗಂಟೆಗೆ ಕಿತ್ತು ಪಕ್ಕದ ಕಾರ್ಡಿಗೆ ಚುಚ್ಚುತ್ತಿದ್ದಳು. ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತು ಜನ ಬೈದುಕೊಂಡು ಹೊರಬರುವುದನ್ನು ನೋಡುತ್ತಿದ್ದಳು. ಸಂಜೀವಪ್ಪ ತಂತಿಗಳು ಸೇರುವ ಪೆಟ್ಟಿಗೆಗಳನ್ನು ಬದಲಿಸಿದ. ಇಲಿ ಕಡಿದಿದೆ ಎಂದ, ಪಾರಿವಾಳ ಎಂದ, ಹೊಂಗೆಯ ಕೊಂಬೆ ಕಡಿಸಿದ. ದೂರು ಹೇಳಲು ಹೋದವರ ಸಾಲಿನಲ್ಲಿ ಜಟ್ಟೆಮ್ಮನೂ ಒಂದು ದಿನ ನಿಂತಿದ್ದಳು.

ಕಾಗದ ಅಂಟಿಸಿ ಇಪ್ಪತ್ತಾರನೇ ದಿನ ಸಂಜೀವಪ್ಪ ಮೆಟ್ಟಿಲು ಹತ್ತಿ ಬಂದ. ಕಾರ್ಖಾನೆಯಲ್ಲಿದ್ದವರು, ಸ್ವಲ್ಪ ನೋಡಿ ಹೇಳಿ ಎಂದ. ಏಕವಚನ ಬಹುವಚನವಾಗಿತ್ತು.

"ಕಳ್ಳಿ ಕೈಗೆ ಲೈನ್ ಕೊಡ್ತೀರಾ?"

"ಆ ಕಾಗದ ಈಗ್ಲೇ ಕೀಳ್ತೀನಿ ಬಿಡಿ ಅಕ್ಕ."

"ಕಿತ್ರೆ ಸಾಲಲ್ಲ. ಅದೇ ಜಾಗದಲ್ಲಿ ನಿಮ್ಮದು ಬರ್ಬೇಕು. ಅದು ಬಟ್ಟೆ ತಂತಿ, ನೋಡದೇ ಕಳ್ಳಿ ಅಂದೆ, ತಪ್ಪು ನಂದು ಅಂತ. ಇಪ್ಪತ್ತಾರು ದಿನ."

ಅವನು ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಗಾಜಿನ ಮೇಲೆ ಕಾಗದ ಬಂತು, ಅವನ ಸಹಿಯೊಂದಿಗೆ. ಖುರ್ಷೀದಾ ಅದನ್ನು ಹಾಲಿನಂಗಡಿಯವನಿಂದ ಎರಡು ಸಲ ಓದಿಸಿಕೊಂಡಳು. ಆ ಸಂಜೆ ನಾಲ್ಕಕ್ಕೆ ಜಟ್ಟೆಮ್ಮ ತಂತಿ ಮುಟ್ಟಲಿಲ್ಲ. ಏನಾಗಿತ್ತು ಎಂದು ಸಂಜೀವಪ್ಪ ಕೇಳಿದ. ಯಾರದೋ ಮನೆಯಲ್ಲಿ ಎರಡು ಕಾರ್ಡು ಅದಲು ಬದಲಾಗಿತ್ತು ಎಂದಳು. ಯಾರ ಮನೆ?

"ಹೆಸರು ಹೇಳಿದ್ರೆ ಅವರ ಹತ್ರಾನೂ ಬರೆಸ್ಕೋತೀರ. ಬೇಡ."

ಇಪ್ಪತ್ತು ದಿನ ಕಾಗದ ಇತ್ತು. ಇಪ್ಪತ್ತೊಂದನೇ ಬೆಳಿಗ್ಗೆ ಜಟ್ಟೆಮ್ಮ ಹಾಲು ತರಲು ಹೋದಾಗ ಗಾಜು ಬರಿದಾಗಿತ್ತು. ಯಾರು ಎಣಿಸುತ್ತಾರೆ ಅಂತ ಸಂಜೀವಪ್ಪ ಅಂದುಕೊಂಡಿರಬೇಕು. ಅವಳು ಮನೆಗೆ ಬಂದು ಅರ್ಜಿಗಳನ್ನು ಕಳಿಸಿದಳು, ಅಡುಗೆ ಮಾಡಿದಳು, ನಾಲ್ಕು ಗಂಟೆಗೆ ಮೇಜಿನ ಕೆಳಗೆ ಬಗ್ಗಿದಳು.

ನಾಲ್ಕೂವರೆಗೆ ಸೆಂಟರು ಖಾಲಿಯಾಯಿತು. ಸಂಜೀವಪ್ಪ ಹೊರಗೆ ಬಂದು ತಂತಿಗಳನ್ನು ನೋಡಿದ. ಆಮೇಲೆ ಜಟ್ಟೆಮ್ಮನ ಬಾಲ್ಕನಿಯನ್ನು ನೋಡಿದ. ಅವಳು ಅಲ್ಲೇ ಇದ್ದಳು, ನೋಟ ತಿರುಗಿಸಲಿಲ್ಲ. ಅವನಿಗೆ ಎಲ್ಲ ಅರ್ಥವಾಗಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಈಗ ಕೂಗುವಂತಿರಲಿಲ್ಲ. ಒಮ್ಮೆ ಬನಿಯನ್ ನೋಡಿ ಕಳ್ಳಿ ಎಂದವನ ಮಾತನ್ನು ಎರಡನೇ ಸಲ ಓಣಿ ಕೇಳುವುದಿಲ್ಲ.

ಒಳಗೆ ಹೋದ. ಐದಕ್ಕೆ ಕಾಗದ ಗಾಜಿನ ಮೇಲೆ ವಾಪಸ್ ಬಂತು, ನಾಲ್ಕು ಮೂಲೆಗೂ ಹೊಸ ಟೇಪು ಹಚ್ಚಿಕೊಂಡು. ಇನ್ನೂ ಆರು ದಿನ ಅಲ್ಲೇ ಇತ್ತು.